ಹತ್ತಿ ಮಿಲ್ಲಿನಲ್ಲಿದ್ದ ನನ್ನ ಸವತಿ

ಸದ್ದು ಬಂದಾಗ ನಾನು ಹಿತ್ತಲಲ್ಲಿ ಕೂತು ನವಣೆ ಕೇರುತ್ತಿದ್ದೆ. ಮೊರದಲ್ಲಿದ್ದ ಕಾಳು ಒಮ್ಮೆ ತಾನಾಗಿಯೇ ಎದ್ದು ಬಿತ್ತು. ಗೋಡೆಯ ಮೇಲಿದ್ದ ಗುಬ್ಬಿಗಳೆಲ್ಲ ಒಟ್ಟಿಗೆ ಹಾರಿದವು. ಎಮ್ಮೆ ಗೂಟ ಕಿತ್ತುಕೊಳ್ಳುವ ಹಾಗೆ ಹಗ್ಗ ಜಗ್ಗಿತು. ಬಾವಿ ತೋಡುವವರು ಬಂಡೆಗೆ ಮದ್ದು ಇಟ್ಟು ಹಾರಿಸುವುದನ್ನು ಕೇಳಿದ್ದೇನೆ. ಅದು ಢಮ್ ಎಂದು ಮುಗಿದುಹೋಗುತ್ತದೆ. ಇದು ಮುಗಿಯಲಿಲ್ಲ. ಯಾರೋ ಹೆಂಗಸು ಬಹಳ ಹೊತ್ತು ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಒಮ್ಮೆಗೇ ಬಿಟ್ಟ ಹಾಗೆ, ಉಸ್ ಎಂಬ ಶಬ್ದ ಚಳ್ಳಕೆರೆಯ ಮನೆಗಳ ಮೇಲೆ ಎಳೆದುಕೊಂಡು ಹೋಯಿತು.

ಆ ಉಸಿರು ಯಾರದು ಎಂದು ನನಗೆ ಗೊತ್ತಿತ್ತು. ದೇವರಾಣೆಗೂ ಹೇಳುತ್ತೇನೆ, ಮೊದಲು ಬಾಯಿಗೆ ಬಂದದ್ದು ನನ್ನ ಗಂಡನ ವಿಷಯವಲ್ಲ. "ಅವಳೇ!" ಎಂದೆ.

ಅಡಿಗೆ ಮನೆಯಿಂದ ಅತ್ತೆ ಓಡಿ ಬಂದರು. "ಯಾರೇ ಅವಳು?"

"ಇನ್ಯಾರು? ನಿಮ್ಮ ಮಗನ ಇನ್ನೊಬ್ಬ ಹೆಂಡ್ತಿ."

ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಿದ್ದೆವು. ಮುಚ್ಚಳದ ಮೇಲೆ ಅತ್ತೆ ವಾಡಿಕೆಯಂತೆ ಗುಂಡುಕಲ್ಲು ಇಟ್ಟಿದ್ದರು. ಉಗಿ ಹೊರಗೆ ಹೋಗದಿದ್ದರೆ ಸೌದೆ ಉಳಿಯುತ್ತದೆ ಎನ್ನುವುದು ಅವರ ಲೆಕ್ಕ. ಎಸರನ್ನು ಹಾಗೇ ಬಿಟ್ಟು ಇಬ್ಬರೂ ಬೀದಿಗೆ ಬಿದ್ದೆವು.

ಇದೆಲ್ಲ ಆಗಿ ಎಷ್ಟೋ ಕಾಲವಾಯಿತು. ಬರೆಯುವ ಅಕ್ಷರವನ್ನು ನನಗೆ ಮೊಮ್ಮಗಳು ಕಲಿಸಿಕೊಟ್ಟಳು. ಕಲಿತದ್ದು ಸಹಸ್ರನಾಮ ಓದಲು. ಆದರೆ ಮೊನ್ನೆ ದೇವರ ದೀಪದ ಬತ್ತಿಗೆ ನೀರು ತಾಗಿ, ಒದ್ದೆ ಹತ್ತಿ ಚಿಟಚಿಟನೆ ಸುಟ್ಟ ವಾಸನೆ ಬಂತು ನೋಡಿ, ಆ ಹತ್ತಿ ಕಾಲ ಪೂರ್ತಿ ಎದ್ದು ಬಂದು ಎದುರಿಗೆ ಕೂತಿತು. ಬರೆದುಬಿಡೋಣ ಎನ್ನಿಸಿತು.

"ಅವಳು" ಎಂದರೆ ಮಿಲ್ಲಿನ ಬಾಯ್ಲರು. ತಳಕಿನ ದಾರಿಯಲ್ಲಿ, ಊರ ಹೊರಗೆ, ಸಾಹುಕಾರರೊಬ್ಬರು ಹತ್ತಿಯಿಂದ ಬೀಜ ಬಿಡಿಸುವ ಮಿಲ್ಲು ಹಾಕಿಸಿದ್ದರು. ಅದರ ಯಂತ್ರಗಳೆಲ್ಲ ಓಡುತ್ತಿದ್ದದ್ದು ಬಾಯ್ಲರಿನ ಉಗಿಯಿಂದ. ಅದನ್ನು ನೋಡಿಕೊಳ್ಳುವ ಮೇಸ್ತ್ರಿ ನಮ್ಮನೆಯವರು. ಅವರ ಅಪ್ಪ, ತಾತ ಎಲ್ಲ ಮಗ್ಗದ ಗುಂಡಿಯಲ್ಲಿ ಕೂತವರು. ಇವರು ಮಾತ್ರ, ಬಾಯ್ಲರು ಕೂಡಿಸಲು ಬಳ್ಳಾರಿ ಕಡೆಯಿಂದ ಬಂದಿದ್ದ ಫಿಟ್ಟರಿನ ಹಿಂದೆ ಹಿಂದೆ ತಿರುಗಿ, ಅವನ ಕೈಗೆ ಸ್ಪ್ಯಾನರು ಕೊಡುತ್ತಾ ಕೊಡುತ್ತಾ ಕೆಲಸ ಕಲಿತುಬಿಟ್ಟರು.

ನನ್ನ ತವರು ಮೊಳಕಾಲ್ಮೂರು. ನಾನು ಮದುವೆಯಾಗಿ ಬಂದ ವರ್ಷವೇ ಅವಳೂ ಬಂದಳು, ನಾನು ಬಂದ ದಾರಿಯಲ್ಲೇ. ರಾಯದುರ್ಗದಲ್ಲಿ ರೈಲು ಇಳಿದು, ಮೊಳಕಾಲ್ಮೂರಿನ ಮೇಲೆ ಹಾದು, ಸಾಲು ಸಾಲು ಎತ್ತು ಕಟ್ಟಿದ ಬಂಡಿಯ ಮೇಲೆ ಮಲಗಿ ಬಂದಳು. ಕೊಂಡ್ಲಹಳ್ಳಿಯಲ್ಲಿ ಹೆಂಗಸರು ಬಿಂದಿಗೆ ಇಳಿಸಿ ನೋಡಿದರಂತೆ. ಹಳ್ಳಿ ಹಳ್ಳಿಯಲ್ಲೂ ಕಾಯಿ ಒಡೆದು, ಕುಂಕುಮ ಹಚ್ಚಿ, ಎತ್ತುಗಳಿಗೆ ಬೆಲ್ಲ ತಿನ್ನಿಸಿ ಕಳಿಸಿದರಂತೆ. ನಾನು ಬಂದದ್ದು ಒಂಟಿ ಗಾಡಿಯಲ್ಲಿ, ಅಪ್ಪನ ಬೆನ್ನ ಹಿಂದೆ, ಅಕ್ಕಿ ಮೂಟೆಗೆ ಒರಗಿಕೊಂಡು. ದಾರಿಯಲ್ಲಿ ನನ್ನನ್ನು ನೋಡಿದ್ದು ಕಾವಲಿನ ಹುಲ್ಲಲ್ಲಿ ತಲೆಯೆತ್ತಿದ ಜಿಂಕೆಗಳು ಮಾತ್ರ.

ನಮ್ಮನೆಯವರು ನಸುಕಿನಲ್ಲೇ ಎದ್ದು ಅವಳಿಗೆ ಬೆಂಕಿ ಹಾಕಲು ಹೋಗುವರು. ಮಿಲ್ಲಿಗೆ ರಜೆ ಇದ್ದ ದಿನ ಅವಳ ಹೊಟ್ಟೆಯೊಳಗೆ ತಾವೇ ಇಳಿದು, ಗೋಡೆಗೆ ಕಟ್ಟಿದ ಸುಣ್ಣದ ಹೊಪ್ಪಳೆ ಕೆರೆದು, ತೊಳೆದು, ಒರೆಸಿ ಬರುವರು. ಅವಳ ಹಿತ್ತಾಳೆಯ ಭಾಗಗಳನ್ನು ಹುಣಸೆಹಣ್ಣು ಹಾಕಿ ಉಜ್ಜುವರು. ಮನೆಯಲ್ಲಿ ಒಂದು ಚೊಂಬು ಉಜ್ಜಿದವರಲ್ಲ. ಊಟಕ್ಕೆ ಕೂತರೂ ಅವಳ ಮಾತೇ: ಇವತ್ತು ಅವಳು ಚೆನ್ನಾಗಿದ್ದಳು, ಇವತ್ತು ಯಾಕೋ ಗೊಣಗುತ್ತಿದ್ದಳು, ಹಸಿ ಜಾಲಿ ಕಟ್ಟಿಗೆ ಅವಳಿಗೆ ಆಗಿಬರುವುದಿಲ್ಲ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ, ಅದು ಅವರ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ಒಮ್ಮೆ ತವರಿಗೆ ಹೋದಾಗ ಅಮ್ಮನ ಹತ್ತಿರ ಹೇಳಿಕೊಂಡು ಕಣ್ಣೀರು ಹಾಕಿದೆ. ನಮ್ಮ ತವರಿನಲ್ಲಿ ಮನೆಮಾತು ತೆಲುಗು. ಅಮ್ಮ ಮಗ್ಗಕ್ಕೆ ರೇಷ್ಮೆ ಸುತ್ತುತ್ತಾ ನಕ್ಕುಬಿಟ್ಟಳು. "ಏಮೇ ಪಾಪಾ, ಇನುಮು ಮೀದ ಕೂಡಾ ಏಡುಪಾ ನೀಕು?" ಎಂದಳು. ಕಬ್ಬಿಣದ ಮೇಲೂ ಹೊಟ್ಟೆಕಿಚ್ಚೇನೇ ನಿನಗೆ, ಎಂದು.

ಪಕ್ಕದ ಮನೆಯ ತಿಪ್ಪಮ್ಮನಿಗೂ ಇದು ಗೊತ್ತಿತ್ತು. ಅವಳು ಮಿಲ್ಲಿನಲ್ಲಿ ಯಂತ್ರಕ್ಕೆ ಹತ್ತಿ ಕೊಡುವ ಕೆಲಸದವಳು. ಸಂಜೆ ಕೂದಲ ತುಂಬ ಹತ್ತಿ ಮೆತ್ತಿಕೊಂಡು ಬಂದು ನನ್ನ ಜಗಲಿ ಮೇಲೆ ಕೂತು ಕೆಣಕುವಳು. "ಅಯ್ಯೋ ಬಿಡೇ ಪಾಪಮ್ಮ. ಅವಳ ಹೊಟ್ಟೇಲೂ ಕಿಚ್ಚು, ನಿನ್ನ ಹೊಟ್ಟೇಲೂ ಕಿಚ್ಚು. ಮೇಸ್ತ್ರಿಗೆ ಮಾತ್ರ ಎರಡು ಕಡೆ ಬೆಚ್ಚಗೈತೆ." ನನಗೂ ನಗು ಬರುತ್ತಿತ್ತು. ನಗುವಾಗ ಒಳಗೆ ಚುಚ್ಚುತ್ತಲೂ ಇತ್ತು.

ಅದಕ್ಕೆ ಕಾರಣ ಇತ್ತು. ಆ ಸದ್ದು ಬರುವ ಹಿಂದಿನ ವರ್ಷ ನಮಗೊಂದು ಹೆಣ್ಣು ಕೂಸು ಹುಟ್ಟಿ, ಮೊಲೆ ಕಚ್ಚುವ ಮೊದಲೇ ಹೋಗಿತ್ತು. ಅವರು ಅಳಲಿಲ್ಲ. ಮಣ್ಣು ಮಾಡಿ ಬಂದು, ಕಾಲಿಗೆ ನೀರು ಹಾಕಿಕೊಂಡು, ಮಿಲ್ಲಿಗೆ ಹೋದರು.

ಸದ್ದು ಬಂದ ವರ್ಷದ ಆಯುಧಪೂಜೆಗೆ ಮಿಲ್ಲಿನ ಕೆಲಸದವರ ಮನೆಯ ಹೆಂಗಸರನ್ನೆಲ್ಲ ಕರೆದಿದ್ದರು. ನಾನು ಅವಳನ್ನು ಹತ್ತಿರದಿಂದ ನೋಡಿದ್ದು ಆವತ್ತು. ಸಾಹುಕಾರರ ಹೆಂಡತಿ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಅದರ ಮೇಲೆ ಒಂದು ಕೆಂಪು ರೇಷ್ಮೆಯ ತುಂಡು ಇಟ್ಟುಕೊಂಡು ಬಂದರು. ಗೋಪುರದ ಅಂಚು. ದೂರದಿಂದಲೇ ಗುರುತಾಯಿತು, ನನ್ನಪ್ಪನ ಮಗ್ಗದ್ದು. ಗೋಪುರದ ತುದಿಗೆ ಒಂದೆಳೆ ಹಸಿರು ಹಾಕುವುದು ಅವನ ಚಾಳಿ. ರೇಷ್ಮೆ ನೇಯುವವನ ಮಗಳು ನಾನು ಧಾರೆಗೆ ಉಟ್ಟದ್ದು ಹತ್ತಿ ಸೀರೆ. ಅದೇ ಮಗ್ಗದ ರೇಷ್ಮೆ ಇವಳ ಮೈಗೆ.

ಅವಳ ನೆತ್ತಿಯ ಮೇಲೆ ಕಬ್ಬಿಣದ ಒಂದು ಉದ್ದನೆಯ ತೋಳು ಇತ್ತು, ತಕ್ಕಡಿಯ ದಂಡಿಗೆಯ ಹಾಗೆ. ಅದರ ತುದಿಗೆ ಒಂದು ಗುಂಡು ತೂಗುಹಾಕಿತ್ತು. ಒಳಗೆ ಉಗಿ ಮಿತಿಮೀರಿದರೆ ಆ ತೋಳು ತಾನೇ ಮೇಲೇಳುವುದು, ಕೆಳಗಿನ ತೂತಿನಿಂದ ಉಗಿ ಉಸ್ಸೆಂದು ಹೋಗುವುದು. ಮಿಲ್ಲಿನವರು ಅದಕ್ಕೆ "ಅಮ್ಮನ ಕೈ" ಎನ್ನುತ್ತಿದ್ದರು. ಸಾಹುಕಾರರ ಹೆಂಡತಿ ರೇಷ್ಮೆಯನ್ನು ಆ ಕೈಗೆ ಸುತ್ತಿಸಿದರು. ಒಂದು ಹಿತ್ತಾಳೆ ಗಂಟೆಯನ್ನೂ ತಂತಿಯಿಂದ ಕಟ್ಟಿಸಿದರು. ನಮ್ಮನೆಯವರ ಮುಖ ನೋಡಿದೆ. ಮದುವೆಯ ದಿನ ನನ್ನನ್ನು ಹಾಗೆ ನೋಡಿದ್ದರೇ ಎಂದು ಬಹಳ ಯೋಚಿಸಿದೆ. ನೆನಪಾಗಲಿಲ್ಲ.

ಅಷ್ಟರಲ್ಲೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಹತ್ತಿ ಕಾಲ ಶುರುವಾಯಿತು. ತಳಕಿನ ಕಡೆಯಿಂದ ಗಾಡಿಗಳು ಬಂದು ಬಂದು, ದಾರಿಯ ಜಾಲಿ ಮುಳ್ಳಿಗೆಲ್ಲ ಹತ್ತಿ ಸಿಕ್ಕಿಕೊಂಡು ಮರಗಳು ಬೆಳ್ಳಗಾದವು. ಬೆಳಿಗ್ಗೆ ಮೈ ಕೊರೆಯುವ ಗಾಳಿ, ಮಧ್ಯಾಹ್ನ ಧೂಳು. ಆ ಚಳಿಯಲ್ಲಿ ತಿಪ್ಪಮ್ಮನ ಮಗನಿಗೆ ಜ್ವರ ಬಂತು. ಎಳೆಯ ಹುಡುಗ, ಏನು ಕೊಟ್ಟರೂ ಇಳಿಯಲಿಲ್ಲ. ಅವಳು ಕೆಲಸ ಬಿಡುವ ಹಾಗಿಲ್ಲ, ಗುಡಿಗೆ ಹೋಗಲು ಹೊತ್ತಿಲ್ಲ. ಒಂದು ತೆಂಗಿನಕಾಯಿ, ಒಂದು ಹಿಡಿ ಅಕ್ಕಿ, ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ, ಆ ಕಬ್ಬಿಣದ ಕೈಗೇ ಕಟ್ಟಿಬಿಟ್ಟಳು.

ತಿಪ್ಪಮ್ಮ ಕಟ್ಟುವಾಗ ಮಿಲ್ಲಿನ ಅಮ್ಮ ಉಸ್ಸೆನ್ನುತ್ತಿದ್ದಳಂತೆ. ಗಂಟು ಬಿಗಿದು ಕೈಬಿಟ್ಟದ್ದೇ, ಉಸಿರು ನಿಂತಿತಂತೆ.

"ಒಪ್ಪಿಕೊಂಡ್ಲು ಕಣೇ," ಎಂದಳು ಸಂಜೆ, ಕಣ್ಣಲ್ಲಿ ನೀರು ತುಂಬಿಕೊಂಡು. "ಕೋಪದಾಗೆ ಬುಸುಗುಡ್ತಿದ್ದೋಳು, ನನ್ನ ಮುಡಿಪು ಬಿದ್ದಿದ್ದೇ ತಡ ಸುಮ್ಮಗಾದ್ಲು."

ಹುಡುಗನ ಜ್ವರ ಇಳಿಯಿತು. ಇನ್ನು ಕೇಳಬೇಕೇ? ಮಕ್ಕಳಾಗದವರು, ಕಣ್ಣು ನೋವಿನವರು, ಕಾಲುಬೇನೆ ಬಂದ ಕುರಿಯವರು, ಎಲ್ಲರೂ ಬಂದರು. ಕಟ್ಟಿದ ಮೇಲೆ ಉಸಿರು ನಿಂತರೆ ಹರಕೆ ಒಪ್ಪಿತು, ನಿಲ್ಲದಿದ್ದರೆ ಇನ್ನೊಂದು ಕಾಯಿ. ಕೊನೆಕೊನೆಗೆ ಯಾರಿಗೂ ಎರಡನೆಯ ಕಾಯಿ ಬೇಕಾಗಲಿಲ್ಲ. ಅಮ್ಮ ಬಹಳ ಶಾಂತಳಾಗಿದ್ದಾಳೆ ಎಂದು ಊರೆಲ್ಲ ಕೊಂಡಾಡಿತು. ನಾನು ನಡೆದುಕೊಳ್ಳುವ ದೇವರು ಚಳ್ಳಕೆರೆಯಮ್ಮ. ಶುಕ್ರವಾರ ಅವಳ ಗುಡಿಯಲ್ಲಿ ಹೆಂಗಸರು ಕಮ್ಮಿಯಾದದ್ದನ್ನು ಕಂಡು, ನನಗೆ ನನ್ನ ಪರವಾಗಿ ಒಂದು, ದೇವಿಯ ಪರವಾಗಿ ಒಂದು, ಹೀಗೆ ಎರಡು ಹೊಟ್ಟೆಕಿಚ್ಚು ಸೇರಿಕೊಂಡವು. ಮಧ್ಯಾಹ್ನ ಬುತ್ತಿ ಕೊಡುವ ನೆಪದಲ್ಲಿ ಹೋಗಿ, ಇವತ್ತು ಅವಳಿಗೆ ಹೊಸದಾಗಿ ಏನು ಸೇರಿತು ಎಂದು ನೋಡಿಕೊಂಡು ಬರುತ್ತಿದ್ದೆ.

ಒಂದು ಸಂಜೆ ಅವರು ಮುದ್ದೆ ಮುರಿಯದೆ ಕೂತಿದ್ದರು.

"ಅವಳ ಕೈ ಭಾರ ಆಗೈತೆ ಪಾಪೀ," ಎಂದರು.

ನಾನು ನನ್ನ ಎರಡು ಕೈ ಅವರ ತಟ್ಟೆಯ ಮುಂದೆ ಚಾಚಿದೆ. ಒಂದೊಂದರಲ್ಲಿ ಎರಡೆರಡು ಗಾಜಿನ ಬಳೆ. "ನನ್ನ ಕೈ ಹಗುರಾಗೈತೆ. ಅದನ್ನ ನೋಡಿದಿರಾ?"

ಅವರು ನೋಡಿದರು, ತಟ್ಟೆ ಸರಿಸಿ ಎದ್ದರು. ಆಮೇಲೆ ಅತ್ತೆಯ ಹತ್ತಿರ ಹೇಳುತ್ತಿದ್ದುದು ಕಿವಿಗೆ ಬಿತ್ತು. ಆ ಗಂಟುಗಳನ್ನು ತೆಗೆಸಬೇಕು ಎಂದು ಸಾಹುಕಾರರನ್ನು ಕೇಳಿದ್ದರಂತೆ. "ಹರಕೆಗೆ ಕೈ ಹಾಕಬ್ಯಾಡಲೇ ಮೇಸ್ತ್ರಿ," ಎಂದರಂತೆ ಸಾಹುಕಾರರು. "ಉಗಿ ಸುಮ್ನೆ ಆಕಾಶಕ್ಕೆ ಹೋದ್ರೆ ನನ್ನ ಕಟ್ಟಿಗೇನೇ ಹೋದಂಗೆ. ಈಗ ನೋಡು, ಯಂತ್ರ ಹೆಂಗೆ ಓಡ್ತಾವೆ."

ಸದ್ದು ಬಂದದ್ದು ಅದಾದ ಕೆಲವೇ ದಿನಕ್ಕೆ.

ಅತ್ತೆ, ನಾನು ಓಡಿ ಹೋದಾಗ ಮಿಲ್ಲಿನ ಅಂಗಳದಲ್ಲಿ ಏನೂ ಕಾಣುತ್ತಿರಲಿಲ್ಲ. ಉಗಿ, ಬೂದಿ, ಎಲ್ಲದರ ಮೇಲೆ ಇಳಿಯುತ್ತಿದ್ದ ಹತ್ತಿ. ಒದ್ದೆ ಹತ್ತಿ ಸುಡುವ ವಾಸನೆ. ಬಾಯ್ಲರ್ ಮನೆಯ ಗೋಡೆ ಇರಲಿಲ್ಲ. ಅವಳು ಎರಡಾಗಿ, ಒಂದು ಭಾಗ ಆಚೆ ಹೊಲದಲ್ಲಿ ಬಿದ್ದಿತ್ತು, ಹೊಟ್ಟೆ ಬಾಯಿಬಿಟ್ಟುಕೊಂಡು. ನನ್ನಮ್ಮ ಚಳ್ಳಕೆರೆಯಮ್ಮ ಅಷ್ಟರಲ್ಲೂ ಕಾಪಾಡಿದ್ದಳು: ಯಂತ್ರದ ಹೆಂಗಸರೆಲ್ಲ ಬುತ್ತಿ ಬಿಚ್ಚಲು ಆಚೆ ಬೇವಿನ ಮರದಡಿಗೆ ಹೋಗಿದ್ದ ಹೊತ್ತು ಅದು. ತಿಪ್ಪಮ್ಮನ ಕೈಯಲ್ಲಿ ಇನ್ನೂ ರೊಟ್ಟಿ ಇತ್ತು. ಬೆಂಕಿಗೆ ಕಟ್ಟಿಗೆ ಹಾಕುವ ಬೋರಣ್ಣ ಮಾತ್ರ ಕುಸಿದ ಗೋಡೆಯ ಅಡಿಯಲ್ಲಿ ಉಸಿರಿಲ್ಲದೆ ಬಿದ್ದಿದ್ದ. ಕುರಿ ಮಾರಿ, ಒಂದೇ ಕಡೆ ನಿಂತು ಮಾಡುವ ಕೆಲಸ ಬೇಕು ಎಂದು ಬಂದಿದ್ದವನು.

ನಮ್ಮನೆಯವರು ಸಾಹುಕಾರರು ಕೂತು ಲೆಕ್ಕ ನೋಡುವ ಕೋಣೆಯ ಬಾಗಿಲ ಬಳಿ ಮೊಣಕಾಲೂರಿ ಕೂತಿದ್ದರು. ಬೆನ್ನು, ಎರಡು ತೋಳು ಬೆಂದು ಹೋಗಿದ್ದವು. ಮುಖ ಉಳಿದಿತ್ತು. ಕಣ್ಣು ಉಳಿದಿದ್ದವು. ನನ್ನನ್ನು ನೋಡಿ, "ಎಳೆದನಾ? ಬೆಂಕಿ ಎಳೆದನಾ ಬೋರ?" ಎಂದರು. ಅದೂ ಅವಳ ಮಾತೇ ಎಂದುಕೊಂಡೆ.

ಸುಣ್ಣದ ತಿಳಿನೀರಿಗೆ ಕೊಬ್ಬರಿ ಎಣ್ಣೆ ಕಡೆದು ಗಂಟೆಗೊಮ್ಮೆ ಸವರಿದೆ. ಬಾಳೆ ಎಲೆಯ ಮೇಲೆ ಬೋರಲು ಮಲಗಿಸಿದ್ದೆವು. ಮದುವೆಯಾದಾಗಿನಿಂದ ಅವರು ಬೆಳಗಿನಿಂದ ಬೈಗಿನವರೆಗೆ ನನ್ನ ಕಣ್ಣೆದುರು ಇದ್ದದ್ದು ಅದೇ ಮೊದಲು. ಅದನ್ನೂ ಒಂದು ಕೃಪೆ ಎಂದು ಎಣಿಸಿಕೊಂಡೆ. ಆದರೆ ಅವರು ಇಲ್ಲಿರಲಿಲ್ಲ. ಮಿಲ್ಲಿನ ಕಡೆ ಕಿವಿ ಕೊಟ್ಟು ಮಲಗಿರುತ್ತಿದ್ದರು. ಅಲ್ಲಿ ಕೇಳಿಸಲು ಏನೂ ಉಳಿದಿರಲಿಲ್ಲ. ಬದುಕಿದ್ದವಳ ಜೊತೆ ಜಗಳವಾಡಬಹುದು. ಸತ್ತ ಸವತಿಯನ್ನು ಏನು ಮಾಡುವುದು?

ಊರಲ್ಲಿ ಬಾಯಿಗೊಂದು ಮಾತು. ಬೋರಣ್ಣ ಕಟ್ಟಿಗೆ ಜಾಸ್ತಿ ತುರುಕಿದ ಎಂದರು. ಯಾವಳೋ ಮೈಲಿಗೆಯಲ್ಲಿ ಮುಟ್ಟಿದ್ದಾಳೆ ಎಂದರು. ಸಾಹುಕಾರರ ಕಡೆಯವರ ಮಾತು ಮಾತ್ರ ಒಂದೇ: ಮೇಸ್ತ್ರಿ ಜಾಗ ಬಿಟ್ಟು ಹೋಗಿದ್ದ, ಒಳಗೆ ನೀರು ಬತ್ತಿತು, ಒಡೆಯಿತು. ಬೆಂಗಳೂರಿನಿಂದ ಬಾಯ್ಲರ್ ಇಂಜಿನಿಯರು ಬರುತ್ತಾರೆ, ಮೇಸ್ತ್ರಿಗೆ ಜೈಲು ಎಂದು ಸಂತೆಯಲ್ಲೇ ಆಡಿಕೊಂಡರು. ಇವರನ್ನು ಕೇಳಿದರೆ ಗೋಡೆ ಕಡೆ ತಿರುಗುವರು.

ಬೋರಣ್ಣನ ಹೆಂಡತಿ ಒಂದು ದಿನ ಬಂದಳು. ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು ಕೇಳಿದಳು. "ನನ್ನ ಗಂಡ ತಾನೇ ಕೈಯಾರೆ ಜೀವ ಕಳ್ಕಂಡ ಅಂತಾರಲ್ಲಕ್ಕ. ಹೌದಾ? ಮೇಸ್ತ್ರಿ ಒಂದ್ಮಾತು ಹೇಳ್ಲಿ, ಸಾಕು." ಒಳಗಿನಿಂದ ಒಂದು ಮಾತೂ ಬರಲಿಲ್ಲ. ಅವಳು ಸೆರಗು ಸುತ್ತಿಕೊಂಡು ಹೋದಳು.

ಇಂಜಿನಿಯರು ನಮ್ಮ ಮನೆಗೇ ಬಂದರು, ರೋಗಿ ಏಳಲಾರ ಎಂದು ತಿಳಿದು. ಜೊತೆಗೆ ತಾಲೂಕಿನ ಅಮಲ್ದಾರರು, ಸಾಹುಕಾರರು. ಅವರು ಮೂವರು ಜಗಲಿಯ ಮೇಲೆ, ನಮ್ಮನೆಯವರು ಒಳಗೆ ನಡುಮನೆಯಲ್ಲಿ, ಬೀದಿಯವರೆಲ್ಲ ಅಂಗಳದಲ್ಲಿ. ನಾನು ನಡುಮನೆಯ ಬಾಗಿಲ ಮರೆಯಲ್ಲಿ. ತಿಪ್ಪಮ್ಮ ನನ್ನ ಪಕ್ಕದಲ್ಲಿ. ಆಳೊಬ್ಬ ಗೋಣಿಯಲ್ಲಿ ಸುತ್ತಿದ ಏನನ್ನೋ ತಂದು ಇಂಜಿನಿಯರ ಕಾಲ ಬಳಿ ಇಟ್ಟ.

"ನೀರು ಬತ್ತಿಸಿದಾನೆ ಸ್ವಾಮಿ," ಎಂದರು ಸಾಹುಕಾರರು. "ಅವನನ್ನೇ ಕೇಳಿ, ಅಲ್ಲಿದ್ನಾ ಅಂತ."

"ಏನಪ್ಪಾ ಮೇಸ್ತ್ರಿ, ನೀನು ಬಾಯ್ಲರ್ ಹತ್ತಿರ ಇದ್ದೆಯಾ?"

"ಇರಲಿಲ್ಲ ಸ್ವಾಮಿ."

"ಯಾಕೆ ಬಿಟ್ಟು ಬಂದೆ?"

ಅವರು ಗೋಡೆ ಕಡೆ ಮುಖ ತಿರುಗಿಸಿದರು.

ಇಂಜಿನಿಯರು ಗೋಣಿ ಬಿಚ್ಚಿಸಿದರು. ಅವಳ ಕೈ. ಬಾಗಿ, ತುದಿ ಮುರಿದು ಬಿದ್ದಿತ್ತು. ಹೊಲದಲ್ಲಿ ದೂರ ಸಿಕ್ಕಿತಂತೆ. ಬುಡದಲ್ಲಿ ತಂತಿ ಸುತ್ತಿಕೊಂಡಿತ್ತು, ಸುಟ್ಟ ಬಟ್ಟೆಯ ಚೂರು ಅಂಟಿಕೊಂಡಿತ್ತು. "ಇದೇನು?" ಎಂದು ಕೇಳಿದರು.

"ಏನೋ ಹಬ್ಬದಾಗೆ ಪೂಜೆ ಮಾಡಿರ್ತಾರೆ," ಎಂದರು ಸಾಹುಕಾರರು. "ಒಂದು ಹೂವು, ಒಂದು ಕುಂಕುಮ. ನಮ್ಮ ಜನ ಗೊತ್ತಲ್ಲ ಸ್ವಾಮಿ."

ಅಂಗಳದಲ್ಲಿ ಹರಕೆ ಕಟ್ಟದವರು ಯಾರಿದ್ದರು? ಒಬ್ಬರೂ ಬಾಯಿಬಿಡಲಿಲ್ಲ. ನನ್ನ ಉಸಿರು ಬದಲಾದದ್ದು ತಿಪ್ಪಮ್ಮನಿಗೆ ತಿಳಿಯಿತೇನೋ, ನನ್ನ ರಟ್ಟೆ ಹಿಡಿದಳು. "ಬ್ಯಾಡ ಪಾಪಮ್ಮ. ನಿನ್ನ ಕಾಲಿಗೆ ಬೀಳ್ತೀನಿ. ಹರಕೆ ಕೆಟ್ಟದ್ದು ಅಂತ ಆದ್ರೆ ನನ್ನ ಮಗ ಏನಾಗ್ತಾನೆ?"

ಹರಕೆಗೆ ಎದುರು ಮಾತಾಡುವುದೆಂದರೆ ನನಗೂ ಭಯವೇ. ಆದರೆ ಒಳಗೆ ಬಾಳೆ ಎಲೆಯ ಮೇಲೆ ಬೋರಲು ಬಿದ್ದಿದ್ದ ಬೆನ್ನು ಕಾಣುತ್ತಿತ್ತು. ಅಮ್ಮಾ, ನೀನೇ ನೋಡಿಕೋ ಎಂದು ಮನಸ್ಸಿನಲ್ಲೇ ಹೇಳಿ ಹೊಸಿಲು ದಾಟಿದೆ.

"ನಾನು ಹೇಳ್ತೀನಿ ಸ್ವಾಮಿ."

"ನೀವು ಯಾರಮ್ಮ?"

"ಇವರ ಮನೆಯೋಳು."

"ಯಾರ ಮನೆಯವರು? ಹೆಸರು ಹೇಳಿ, ಬರೆದುಕೊಳ್ಳಬೇಕು."

ನಾನು ತಲೆ ತಗ್ಗಿಸಿದೆ. ಅತ್ತೆ ಮೂಲೆಯಿಂದ ಗದರಿದರು. "ಗಂಡನ ಹೆಸರು ಹೆಂಡ್ತಿ ಬಾಯಾಗೆ ಹೆಂಗೆ ಬಂದಾತು ಸ್ವಾಮಿ? ನನ್ನ ಮಗ ಓಬಳೇಶ. ಬರ್ಕೊಳ್ಳಿ."

"ಬಾಯ್ಲರ್ ವಿಷಯ ನಿಮಗೇನು ಗೊತ್ತು ತಾಯಿ?"

"ಅದೇನೂ ಗೊತ್ತಿಲ್ಲ. ಅವಳು ಮೈಮ್ಯಾಲೆ ಏನೇನು ಹಾಕ್ಕಂಡಿದ್ಲು ಅಂತ ಗೊತ್ತು. ಸವತಿ ಒಡವೆ ಯಾವ ಹೆಂಗ್ಸು ನೋಡಲ್ಲ?"

ಅಂಗಳ ಘೊಳ್ಳೆಂದು ನಕ್ಕಿತು. ಅಮಲ್ದಾರರೂ ಮೀಸೆ ಸವರಿಕೊಂಡರು. ಇಂಜಿನಿಯರು ನಗಲಿಲ್ಲ. "ಹೇಳಿ," ಎಂದರು.

ಹೇಳಿದೆ. ಒಬ್ಬೊಬ್ಬರ ಹೆಸರು ಹೇಳಲಿಲ್ಲ, ಅದೊಂದು ಎಚ್ಚರ ದೇವರು ಕೊಟ್ಟ. ಗಂಟೆ, ಅದರ ಮೇಲೆ ಇನ್ನೊಂದು ಗಂಟೆ, ತೆಂಗಿನಕಾಯಿಯ ಮುಡಿಪುಗಳು ಒಂದಕ್ಕೊಂದು ಒತ್ತಿಕೊಂಡು ಬಾಳೆಗೊನೆಯ ಹಾಗೆ ಜೋತುಬಿದ್ದದ್ದು, ಕುರಿಯವರು ಕಟ್ಟಿದ ಕಬ್ಬಿಣದ ತ್ರಿಶೂಲ, ಮೇಲೆ ಜಾಗವಿಲ್ಲದೆ ಮುಡಿಪಿಗೇ ಮುಡಿಪು ಕಟ್ಟಿದ್ದು. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು; ಇಷ್ಟು ದಿನ ಒಳಗೇ ಇಟ್ಟುಕೊಂಡದ್ದಲ್ಲವೇ.

"ಇದನ್ನೆಲ್ಲ ಕಟ್ಟಿದ ಮೇಲೆ ಆ ತೂತಿನಿಂದ ಉಗಿ ಹೋಗುವ ಸದ್ದು ಬರುತ್ತಿತ್ತೇ?"

"ಇಲ್ಲ ಸ್ವಾಮಿ. ನಿಂತೋಗ್ತಿತ್ತು. ಅಮ್ಮ ಶಾಂತ ಆದ್ಲು ಅಂತ ಎಲ್ಲಾರೂ ಕೈ ಮುಗಿಯೋರು."

ಅವರ ಬರೆಯುವ ಕೈ ನಿಂತಿತು. ನನ್ನನ್ನೇ ನೋಡಿದರು.

"ಇದು ಮಾಲೀಕರಿಗೆ ಗೊತ್ತಿತ್ತೇ?"

ನಾನು ಬಗ್ಗಿ ಆ ಸುಟ್ಟ ಬಟ್ಟೆಯ ಚೂರನ್ನು ಬೆರಳಿನಿಂದ ತಿರುಗಿಸಿದೆ. ಮಸಿಯ ಒಳಗೆ ಗೋಪುರದ ತುದಿ, ಒಂದೆಳೆ ಹಸಿರು. "ಇದು ನಮ್ಮಪ್ಪ ನೇಯ್ದದ್ದು. ಅವಳಿಗೆ ಉಡಿಸಿದ್ದು ಸಾವ್ಕಾರ್ರ ಮನೆಯೋರು. ನನಗಂತೂ ಕೊಟ್ಟಿಲ್ಲ."

ಸಾಹುಕಾರರ ಮುಖ ಇಳಿಯಿತು. "ಏನಮ್ಮಾ ನೀನು, ದೇವರ ಕೆಲಸ..." ಎಂದು ಶುರು ಮಾಡಿದವರನ್ನು ಇಂಜಿನಿಯರು ಕೈಯೆತ್ತಿ ನಿಲ್ಲಿಸಿ, ಒಳಗೆ ಮಲಗಿದ್ದವರ ಪಕ್ಕ ಹೋಗಿ ನೆಲದ ಮೇಲೇ ಕೂತರು. "ಈಗ ಹೇಳಪ್ಪ. ಯಾಕೆ ಬಿಟ್ಟು ಬಂದೆ?"

ಆಗ ಮಾತಾಡಿದರು ನಮ್ಮನೆಯವರು. ಒಳಗಿನ ನೀರಿನ ಮಟ್ಟ ತೋರಿಸುವ ಗಾಜಿನಲ್ಲಿ ನೀರು ಸರಿಯಾಗಿಯೇ ಇತ್ತಂತೆ. ಉಗಿ ಅಳೆಯುವ ಮುಳ್ಳು ಕೆಂಪು ಗೆರೆ ದಾಟಿತ್ತು. ಕೈ ಏಳಲಿಲ್ಲ. "ಅವಳು ಉಸಿರಾಡ್ತಿರಲಿಲ್ಲ ಸ್ವಾಮಿ. ಹರಕೆ ಕಿತ್ತು ಹಾಕೋಕೆ ನನಗೆ ಕೈ ಬರ್ಲಿಲ್ಲ. ಸಾವ್ಕಾರ್ರ ಬಾಯಿಂದ ಒಂದ್ಮಾತು ಕೇಳ್ಕಂಡು ಬರಾಣ ಅಂತ ಓಡಿದೆ. ಬೋರಂಗೆ ಉರಿಯೋ ಕಟ್ಟಿಗೆ ಹೊರಗೆ ಎಳೀತಿರು ಅಂದೆ. ಅವನು ಎಳೀತಿದ್ದ ಸ್ವಾಮಿ. ಓಡೋಗು ಅಂತ ಹೇಳಿದ್ರೆ ಓಡೋಗ್ತಿದ್ದ. ಎಳಿ ಅಂದೆ, ಎಳೀತಾ ಇದ್ದ." ಅಂದವರು ಬಾಳೆ ಎಲೆಗೆ ಮುಖ ಒತ್ತಿ ಅತ್ತರು. ಬೆಂದ ಬೆನ್ನು ಅಲುಗಾಡುತ್ತಿತ್ತು. ಕೂಸು ಹೋದಾಗ ಅಳದ ಮನುಷ್ಯ. ಬೋರಣ್ಣನಿಗಾಗಿ ಅಳುತ್ತಿದ್ದಾರೋ, ಅವಳಿಗಾಗಿಯೋ, ನನಗೆ ತಿಳಿಯಲಿಲ್ಲ. ಯಾರಿಗೇ ಆಗಲಿ, ಆ ಕಣ್ಣೀರಿನ ಮೇಲೂ ನನಗೆ ಹೊಟ್ಟೆಯುರಿಯಿತು.

ಇಂಜಿನಿಯರು ಹೊರಡುವಾಗ ತಿಪ್ಪಮ್ಮ ಅವರ ದಾರಿಗೆ ಅಡ್ಡ ಬಂದು ನಿಂತಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಹಂಗಾರೆ ನನ್ನ ಹರಕೆ ಬೋರಣ್ಣನ್ನ ಕೊಂತಾ ಸ್ವಾಮಿ?"

ಅವರು ಚಪ್ಪಲಿ ಮೆಟ್ಟುತ್ತಿದ್ದವರು ನಿಂತರು. "ಹರಕೆಗೆ ತೂಕ ಇಲ್ಲ ತಾಯಿ," ಎಂದರು. "ತೆಂಗಿನಕಾಯಿಗೆ ಇದೆ." ಸಾಹುಕಾರರ ಕಡೆ ನೋಡಿ, "ಅದು ಗೊತ್ತಿದ್ದವರು ತೆಗೆಸಬೇಕಾಗಿತ್ತು," ಎಂದು ಹೇಳಿ ಇಳಿದು ಹೋದರು.

ಅವರು ಏನು ಬರೆದರೋ ನಮಗೆ ತಿಳಿಯದು. ಜೈಲಿನ ಮಾತು ಮತ್ತೆ ಬರಲಿಲ್ಲ. ಬೋರಣ್ಣನ ಹೆಂಡತಿಯ ಹಟ್ಟಿಗೆ ಅತ್ತೆಯೇ ಹೋಗಿ, ನಿನ್ನ ಗಂಡ ಹೇಳಿದ ಕೆಲಸ ಮಾಡುತ್ತಾ ಹೋದ ತಾಯಿ ಎಂದು ಹೇಳಿ ಬಂದರು. ಮುಂದಿನ ವರ್ಷ ಹೊಸ ಬಾಯ್ಲರು ಬಂತು. ಅದರ ಉಗಿ ಬಿಡುವ ಬಾಯಿಗೆ ಕಬ್ಬಿಣದ ಪೆಟ್ಟಿಗೆ ಹೊದಿಸಿ ಬೀಗ ಹಾಕಿದ್ದರಂತೆ. ಅದಕ್ಕೆ ಬೇರೆ ಮೇಸ್ತ್ರಿ. ನಮ್ಮನೆಯವರು ಮಗ್ಗದ ಗುಂಡಿಗೆ ಇಳಿದರು. ನಾನು ಬೇಡ ಬೇಡ ಎಂದರೂ, ಮೊದಲು ನೇಯ್ದ ರೇಷ್ಮೆಯನ್ನು ನನಗೇ ಕೊಟ್ಟರು. ಸಂಜೆ ಮಾತ್ರ ತಳಕಿನ ದಾರಿಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ತಿಪ್ಪಮ್ಮ ಬಹಳ ದಿನ ನನ್ನ ಜಗಲಿ ಹತ್ತಲಿಲ್ಲ. ಆಮೇಲೆ ಹತ್ತಿದಳು. ಅವಳ ಮಗ ಗಟ್ಟಿಮುಟ್ಟಾಗಿ ಬೆಳೆದ, ಅದೂ ದೇವಿಯ ದಯೆ.

ಆದರೆ ನಾನು ಹೇಳಬೇಕಾದದ್ದು ಇಂಜಿನಿಯರು ಬಂದ ಆ ದಿನದ್ದೇ. ಎಲ್ಲರೂ ಹೋದ ಮೇಲೆ ಅಂಗಳ ಬರಿದಾಯಿತು. ಸಾಹೇಬರು ಬರುವ ಮೊದಲೇ ಇಟ್ಟಿದ್ದ ಎಸರು ಒಲೆಯ ಮೇಲೆ ಕುದಿಯುತ್ತಿತ್ತು. ಮುಚ್ಚಳದ ಮೇಲೆ ಅತ್ತೆಯ ಗುಂಡುಕಲ್ಲು. ಅಂಚಿನಲ್ಲಿ ನೀರು ಬುರುಬುರು ಎಂದು ದಾರಿ ಹುಡುಕುತ್ತಿತ್ತು. ಸೆರಗಿನಲ್ಲಿ ಕಲ್ಲು ಹಿಡಿದು ಎತ್ತಿ ಕೆಳಗಿಟ್ಟೆ. ಅತ್ತೆ ನೋಡಿದರು, ಸೌದೆಯ ಮಾತು ಎತ್ತಲಿಲ್ಲ.

ಮುಚ್ಚಳ ಟಕಟಕ ಕುಣಿಯತೊಡಗಿತು. ಉಗಿ ಉಸ್ಸೆಂದಿತು.

ಒಳಗಿನಿಂದ ದನಿ ಬಂತು. "ಪಾಪೀ."

ಬಾಗಿಲಿಗೆ ಹೋದೆ. ಅವರು ಎಲೆಯ ಮೇಲೆ ಕತ್ತು ಇತ್ತ ತಿರುಗಿಸಿದ್ದರು. ಒಲೆಯ ಕಡೆಗೆ ಕಿವಿ.

"ಉಸಿರಾಡ್ತೈತೆ," ಎಂದರು. ಆ ದಿನಗಳಲ್ಲಿ ಮೊದಲ ಸಲ ಅವರ ತುಟಿಯ ಮೇಲೆ ನಗು ಕಂಡಿತು.

ಆ ನಗು ಯಾರಿಗೆ ಬಂದದ್ದು ಎಂದು ನನಗೆ ಗೊತ್ತಿಲ್ಲವೇ? ಆದರೂ ಅದು ನನ್ನ ಮನೆಯಲ್ಲಿ, ನನ್ನ ಒಲೆಯ ಸದ್ದಿಗೆ ಬಂದಿತ್ತು. ಅಷ್ಟು ಸಾಕು ತಾಯಿ ಎಂದುಕೊಂಡು, ಕಣ್ಣೊರೆಸಿಕೊಂಡು, ಕುದಿಯುವ ಎಸರಿಗೆ ಹಿಟ್ಟು ಸುರಿದು ಮುದ್ದೆ ತಿರುವಲು ಕೂತೆ.